ಎಡಗಾಲಿನ ಕಬ್ಬಿಣ

ಮೂರನೆಯ ಮೊಳೆಯೂ ಸೊಟ್ಟಗಾಯಿತು. ಗುರುದತ್ತ ಅದನ್ನು ಕಿತ್ತೆಸೆದು ಪ್ಲೈವುಡ್ಡಿಗೆ ಸುತ್ತಿಗೆಯಿಂದ ಸುಮ್ಮನೆ ಒಂದು ಹೊಡೆತ ಕೊಟ್ಟ. ಹಲಗೆ ತಗ್ಗಾಯಿತು. ಇನ್ನೊಂದು ಕೊಟ್ಟ. ಕೈಗೆ ಹಿತವೆನಿಸಿತು, ಹಿತವೆನಿಸಿದ್ದಕ್ಕೆ ನಾಚಿಕೆಯಾಯಿತು. ಪರ್ತಿನ ಥಾರ್ನ್ಲಿಯ ಈ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಗಿದ್ದರೂ ಮುಂಬಾಗಿಲಿಗೆ ಎರಡು ಮೆಟ್ಟಿಲಿವೆ ಎಂಬುದು ಅವನ ಗಮನಕ್ಕೇ ಬಂದಿರಲಿಲ್ಲ. ಮಂಗಳವಾರ ಅಡಿಲೇಡಿನಿಂದ ಟ್ರೆವರ್ ಫೋನು ಮಾಡಿದ ಮೇಲೆ ಆ ಎರಡು ಮೆಟ್ಟಿಲು ಬಿಟ್ಟು ಬೇರೇನೂ ಕಾಣದಾಯಿತು. ಅಕ್ಕನ ಜೊತೆ ಹಡಗು ಹತ್ತುತ್ತಿದ್ದೇನೆ, ಶನಿವಾರ ಬೆಳಿಗ್ಗೆ ಫ್ರೀಮ್ಯಾಂಟಲ್ ಮುಟ್ಟುತ್ತೇವೆ, ಸಂಜೆಯವರೆಗೆ ಬಿಡುವಿದೆ, ಗಾಲಿಕುರ್ಚಿ ನಿನ್ನ ಮನೆಯೊಳಗೆ ಬರುತ್ತದೆಯೇ ಎಂದು ಕೇಳಿದ್ದ. ಮೂವತ್ತಮೂರು ವರ್ಷದ ಮೇಲೆ ಕೇಳಿದ ದನಿ. ಬಾ ಎನ್ನದೆ ಇನ್ನೇನು ಹೇಳುವುದು? ಫೋನಿಡುವ ಮುಂಚೆ ಟ್ರೆವರ್, ನಿನಗೊಂದು ಮಾತು ಹೇಳುವುದಿದೆ, ಅದನ್ನು ಮುಖ ನೋಡಿಯೇ ಹೇಳಬೇಕು ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗುರುದತ್ತ ಆಗಿನಿಂದ ನಾಲ್ಕು ದಿನ ಸರಿಯಾಗಿ ಉಂಡಿಲ್ಲ. ಟ್ರೆವರ್‌ಗೆ ಗೊತ್ತಾಗಿದೆ. ಹೇಗೋ ಗೊತ್ತಾಗಿದೆ, ಅದಕ್ಕೇ ಬರುತ್ತಿದ್ದಾನೆ.

ಒಳಗಿನಿಂದ ಮಧುರಾ ಸೌಟು ಹಿಡಿದೇ ಬಂದಳು. "ರೀ, ಅವ್ರು ಖಾರ ತಿಂತಾರಾ? ಬಿಸಿಬೇಳೆಬಾತ್ ಮಾಡ್ಬಿಡ್ಲಾ, ಇಲ್ಲ ಬರೀ ಪಲಾವ್ ಸಾಕಾ?" ನನಗೇನು ಗೊತ್ತು, ಅವನೇನು ನನ್ನ ಭಾವಮೈದುನನೇ ಎಂದು ಗುರುದತ್ತ ರೇಗಿದ. ಅವಳು ಮೊಳೆಯನ್ನೂ ಅವನ ಮುಖವನ್ನೂ ನೋಡಿ ಒಳಗೆ ಹೋದಳು. ಅವಳು ಮೈಸೂರಿನಿಂದ ಮದುವೆಯಾಗಿ ಬಂದದ್ದು ಬೈಕು ರೇಸಿನಲ್ಲಿ ಟ್ರೆವರ್‌ಗೆ ಅಪಘಾತವಾಗಿ ನಾಲ್ಕು ವರ್ಷದ ಮೇಲೆ. ಅವಳಿಗೆ ಗೊತ್ತಿರುವುದು ವಿಚಾರಣೆಯ ಕಾಗದದಲ್ಲಿರುವ ಕಥೆ: ಮುಂದಿದ್ದವನು ಬಿದ್ದ, ಹಿಂದಿದ್ದವನಿಗೆ ಜಾಗವಿರಲಿಲ್ಲ, ಯಾರ ತಪ್ಪೂ ಅಲ್ಲ. ಕನ್ನಡ ಸಂಘದವರು ಮನೆಗೆ ಬಂದು ರೇಸಿನಲ್ಲಿ ಗೆದ್ದ ಹಳೆಯ ಕಪ್ಪುಗಳನ್ನು ನೋಡಿ ಕೇಳಿದಾಗಲೆಲ್ಲ ಅವಳೇ ಅದನ್ನು ಹೇಳುತ್ತಿದ್ದಳು, ಪಾಪ ಅದಾದ ಮೇಲೆ ಇವರು ಎಷ್ಟು ನೊಂದುಕೊಂಡರು ಗೊತ್ತಾ ಎಂದು ಸೇರಿಸುತ್ತಿದ್ದಳು. ಆ ಸೇರಿಸಿದ ಮಾತಿಗೆ ಅವನಿಗೆ ಅವಳ ಕತ್ತು ಹಿಸುಕುವಷ್ಟು ಸಿಟ್ಟು ಬರುತ್ತಿತ್ತು. ಒಂದು ಸಲ ಅತಿಥಿಗಳು ಹೋದ ಮೇಲೆ ಕೈಯನ್ನೂ ಎತ್ತಿದ. ಕೆನ್ನೆಗೆ ತಾಗಿತು. ಇನ್ನೊಂದು ಸಲ ಈ ಕೈ ಎದ್ದರೆ ನಾನು ಈ ಮನೆಯಲ್ಲಿರುವುದಿಲ್ಲ ಎಂದು ಅವಳು ದನಿಯೆತ್ತದೆ ಹೇಳಿದ್ದಳು. ಯಾಕೆ ಹೊಡೆದಿರಿ ಎಂದು ಮಾತ್ರ ಕೇಳಲಿಲ್ಲ. ಕೇಳಿದ್ದರೆ ಅಂದೇ ಹೇಳಿಬಿಡುತ್ತಿದ್ದೆ ಎಂದು ಅವನು ಎಷ್ಟೋ ವರ್ಷ ನಂಬಿಕೊಂಡಿದ್ದ. ಅದೂ ಸುಳ್ಳು.

ಮೊಳೆ ಸರಿಯಾಗಿ ಇಳಿಯಿತು. ಇಳಿಜಾರಿನ ಹಲಗೆ ಎರಡು ಮೆಟ್ಟಿಲನ್ನೂ ಮುಚ್ಚಿಕೊಂಡು ಕೂತಿತು. ಗುರುದತ್ತ ಅದರ ಮೇಲೆ ನಿಂತು ಜಿಗಿದು ನೋಡಿದ. ಎಡಮಂಡಿ ಕಟಕ್ಕೆಂದಿತು. ಆ ಮಂಡಿ ಮೂರು ಸಲ ಮುರಿದದ್ದು, ಕೊರಳೆಲುಬು ನಾಲ್ಕು ಸಲ, ಮೂಗು ಒಂದು ಸಲ. ಮೂಗು ಮಾತ್ರ ರೇಸಿನಲ್ಲಲ್ಲ, ರೇಸು ಮುಗಿದ ಮೇಲೆ ಬೈಕು ನಿಲ್ಲಿಸುವ ಕಡೆ, ಒಬ್ಬ ಸ್ಪ್ಯಾನರಿನಿಂದ ಬೀಸಿದಾಗ. ಗುರುದತ್ತ ರಕ್ತ ನುಂಗುತ್ತಲೇ ಅವನ ಎರಡು ಹಲ್ಲು ಉದುರಿಸಿದ್ದ. ಸ್ಪೀಡ್‌ವೇ ಎಂದರೆ ಏನೆಂದು ಈಗ ಯಾರಿಗೆ ಹೇಳಿದರೂ ನಂಬುವುದಿಲ್ಲ. ಆ ಬೈಕಿಗೆ ಬ್ರೇಕೇ ಇಲ್ಲ. ಗೇರು ಒಂದೇ. ಮಣ್ಣಿನ ಹಾದಿಯಲ್ಲಿ ನಾಲ್ಕು ಜನ, ನಾಲ್ಕು ಸುತ್ತು, ತಿರುವೆಲ್ಲ ಎಡಕ್ಕೇ, ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿಕೊಂಡು. ಜಾರುವಾಗ ಎಡಗಾಲನ್ನು ನೆಲಕ್ಕೆ ಊರಬೇಕು. ಆ ಕಾಲಿನ ಬೂಟಿಗೆ ಕಬ್ಬಿಣದ ಅಟ್ಟೆಯೊಂದನ್ನು ಪಟ್ಟಿಯಿಂದ ಬಿಗಿದಿರುತ್ತಾರೆ. ಒಂದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಆ ಒಂದು ನಿಮಿಷ ಪಕ್ಕದವನನ್ನು ಬೇಲಿಗೆ ಒತ್ತಬಹುದು, ಮೊಣಕೈಯಿಂದ ತಿವಿಯಬಹುದು, ಹಿಂದಿನವನ ಬಾಯಿಗೆ ಮಣ್ಣು ಹೊಡೆಯಬಹುದು, ಅದಕ್ಕೆ ಜನ ಚಪ್ಪಾಳೆ ತಟ್ಟುತ್ತಾರೆ. ಶಾಲೆಯಲ್ಲಿ ಅವನನ್ನು ಕರಿಯನೆಂದು ಕಕ್ಕಸಿನ ಕೋಣೆಗೆ ತಳ್ಳಿ ಚಿಲಕ ಹಾಕುತ್ತಿದ್ದ ಊರಿನಲ್ಲೇ ಹೊಡೆದರೆ ಹೊಗಳುವ ಜಾಗವೊಂದು ಸಿಕ್ಕಿದ್ದು ಅವನಿಗೆ ದೊಡ್ಡ ಹಬ್ಬವಾಗಿತ್ತು.

ಆದರೆ ಅಲ್ಲೂ ಒಂದು ಮರ್ಯಾದೆಯಿತ್ತು. ಎಲ್ಲಿಯೂ ಬರೆದಿಡದಿದ್ದರೂ ಎಲ್ಲರೂ ಪಾಲಿಸುವಂಥದು. ಮುಂದಿನವನು ಬಿದ್ದರೆ ಹಿಂದಿನವನು ತನ್ನ ಬೈಕನ್ನು ಮಲಗಿಸಬೇಕು. ಬ್ರೇಕಿಲ್ಲದ ಬೈಕು ನಿಲ್ಲಬೇಕಾದರೆ ಇರುವುದು ಅದೊಂದೇ ದಾರಿ: ತಾನೂ ಬೀಳುವುದು. ಹಿಡಿಯನ್ನು ಎಡಕ್ಕೆ ಕೆಡವಿ, ಮೈಯನ್ನು ಮಣ್ಣಿಗೆ ಒಪ್ಪಿಸಿ, ಬಿದ್ದವನಿಗೆ ತಾಗದ ಹಾಗೆ ಜಾರಿ ಹೋಗುವುದು. ಗುರುದತ್ತನ ಕೊರಳೆಲುಬು ನಾಲ್ಕರಲ್ಲಿ ಎರಡು ಸಲ ಮುರಿದದ್ದು ಹಾಗೆ, ಬೇರೆಯವರಿಗಾಗಿ ಬಿದ್ದು. ಹೊಡೆದಾಟದಲ್ಲಿ ಮೃಗವಾದರೂ ಈ ವಿಷಯದಲ್ಲಿ ಅವನಷ್ಟು ಶುದ್ಧ ಸವಾರ ಇನ್ನೊಬ್ಬನಿಲ್ಲ ಎಂದು ಹೆಸರಿತ್ತು. ಆ ಹೆಸರಿನ ಬಗ್ಗೆ ಅವನಿಗೆ ಕಪ್ಪುಗಳಿಗಿಂತ ಹೆಚ್ಚಿನ ಹೆಮ್ಮೆ. ಅಪಘಾತವಾದ ಆ ಭಾನುವಾರ ಬ್ರಿಸ್ಬೇನಿನಲ್ಲಿ, ಅಪ್ಪನ ಮನೆಯಿದ್ದ ಟೂವಾಂಗಿನಿಂದ ಮೈದಾನಕ್ಕೆ ಕಾರಿನಲ್ಲಿ ಹೋಗುವಾಗ ಅಪ್ಪನಿಗೆ ಅದನ್ನೇ ವಿವರಿಸಿದ್ದ. ಮುಂದಿನವನು ಬಿದ್ದರೆ ನಾವೂ ಬೀಳಬೇಕಪ್ಪ, ಅದೇ ಇಲ್ಲಿನ ಧರ್ಮ ಎಂದಿದ್ದ. ಧರ್ಮ ಎಂಬ ಮಾತು ಅಪ್ಪನಿಗೆ ಹಿಡಿಸಲಿ ಎಂದೇ ಬಳಸಿದ್ದ. ಡಾಕ್ಟರ್ ಮಹಾಬಲೇಶ್ವರ ಕಿಟಕಿಯಾಚೆ ನದಿ ನೋಡುತ್ತ, ಒಳ್ಳೆಯದು ಎಂದರು. ಎಂಟು ವರ್ಷದಲ್ಲಿ ಅವರು ಮಗನಿಗೆ ಹೇಳಿದ ಮೊದಲ ಒಳ್ಳೆಯದು ಅದು.

ಎಂಟು ವರ್ಷದ ಹಿಂದೆ, ಪರ್ತಿನಲ್ಲಿ, ವೈದ್ಯಕೀಯ ಓದನ್ನು ಎರಡನೆಯ ವರ್ಷಕ್ಕೆ ಬಿಟ್ಟು ಬೈಕು ಕೊಂಡ ದಿನ ಅವರು ಮಗನನ್ನು ಮೆಟ್ಟಿನಲ್ಲಿ ಹೊಡೆದಿದ್ದರು. ಆಸ್ಪತ್ರೆಗೆ ಹೊರಟಿದ್ದವರು ಕಾಲಿನಿಂದ ಕರಿ ಶೂ ಬಿಚ್ಚಿ, ಮುಂಬಾಗಿಲಲ್ಲೇ, ಎದುರು ಮನೆಯವರು ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ ನೋಡುತ್ತಿರುವಾಗಲೇ. ಬೆಲ್ಟಿನಲ್ಲಿ ಹೊಡೆದಿದ್ದರೆ ಚರ್ಮ ಹೋಗುತ್ತಿತ್ತು, ಅಷ್ಟೆ. ಮೆಟ್ಟಿನ ಏಟಿನಲ್ಲಿ ಹೋಗುವುದು ಬೇರೆಯೇ. ನೋಡುತ್ತಿದ್ದ ಆ ಬಿಳಿಯರಿಗೆ ಅದು ಗೊತ್ತಿರಲಿಲ್ಲ, ಅಪ್ಪನಿಗೆ ಗೊತ್ತಿತ್ತು, ಗೊತ್ತಿದ್ದೇ ಶೂ ಬಿಚ್ಚಿದರು. ಏಳು ಏಟು. ಹತ್ತೊಂಬತ್ತು ವರ್ಷದ ಗುರುದತ್ತ ಎಣಿಸಿದ್ದ. ಆಮೇಲೆ ಅಪ್ಪ ಅದೇ ಶೂ ಹಾಕಿಕೊಂಡು ಲೇಸು ಕಟ್ಟಿ ಕೆಲಸಕ್ಕೆ ಹೋದರು. ಬ್ರಿಸ್ಬೇನಿನ ಆಸ್ಪತ್ರೆಗೆ ವರ್ಗವಾಗಿ ಹೋದ ಮೇಲೂ ಮಾತಿಲ್ಲ. ಅಮ್ಮ ಕಸ್ತೂರಿಯೇ ಅತ್ತು ಕರೆದು, ನಾವಿರುವ ಊರಿಗೇ ಬಂದು ಓಡಿಸುತ್ತಾನಂತೆ, ಒಂದು ಸಲ ಹೋಗಿ ಬನ್ನಿ ಎಂದು ಹೊರಡಿಸಿದ್ದಳು. ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಎಣ್ಣೆ ಮಣ್ಣಿನ ನಡುವೆ ಕಾಲಿಡಲು ಜಾಗ ಹುಡುಕುತ್ತ.

ಗುರುದತ್ತ ಹಲಗೆಯ ಮೇಲೆ ಕೂತು ಬೆವರು ಒರೆಸಿಕೊಂಡ. ಮುಂದಿನದನ್ನು ಅವನು ನೆನೆಸಿಕೊಳ್ಳುವುದಿಲ್ಲ, ಅದು ತಾನಾಗಿಯೇ ಬರುತ್ತದೆ, ಸಾರು ಕುದಿಯುವ ವಾಸನೆ ಬಂದರೂ ಬರುತ್ತದೆ. ಬೈಕುಗಳ ಹತ್ತಿರ ಟ್ರೆವರ್ ಒಂದು ಡ್ರಮ್ಮಿನ ಮೇಲೆ ಕೂತಿದ್ದ. ಅಡಿಲೇಡಿನವನು, ಕೆಂಪು ಗಡ್ಡ, ದೊಡ್ಡ ನಗು. ಗುರುದತ್ತ ಸ್ವಲ್ಪ ದೂರದಲ್ಲಿ ಬಗ್ಗಿ ಚೈನು ನೋಡುತ್ತಿದ್ದ. ತಲೆ ಎತ್ತಿದಾಗ ಕಂಡದ್ದು ಇಷ್ಟು: ಟ್ರೆವರ್ ಕಬ್ಬಿಣ ತೊಟ್ಟ ಎಡಗಾಲನ್ನು ಚಾಚಿದ್ದಾನೆ, ಡಾಕ್ಟರ್ ಮಹಾಬಲೇಶ್ವರ ಮಣ್ಣಿನಲ್ಲಿ ಒಂದು ಮಂಡಿಯೂರಿ ಆ ಬೂಟಿನ ಪಟ್ಟಿ ಬಿಗಿಯುತ್ತಿದ್ದಾರೆ. ಟ್ರೆವರ್ ಇನ್ಯಾರ ಜೊತೆಗೋ ಮಾತಾಡುತ್ತಿದ್ದ, ಕೆಳಗೆ ನೋಡುತ್ತಲೂ ಇರಲಿಲ್ಲ. ಬಿಗಿದಾದ ಮೇಲೆ ಅಪ್ಪನ ಹೆಗಲು ತಟ್ಟಿದ. ಅಪ್ಪ ಎದ್ದು ಕೈ ಒರೆಸಿಕೊಳ್ಳಲು ಕರವಸ್ತ್ರ ಹುಡುಕಿದರು. ತನಗೆ ಮೆಟ್ಟಿನಲ್ಲಿ ಹೊಡೆದ ಕೈ ಅದು. ಅದು ಇನ್ನೊಬ್ಬನ ಮೆಟ್ಟನ್ನು ಕಟ್ಟಿತಲ್ಲ ಎಂದು ಗುರುದತ್ತನ ಕಿವಿಯಲ್ಲಿ ರಕ್ತ ಕುದಿಯಿತು. ಆ ಸಿಟ್ಟು ಯಾರ ಮೇಲೆ ಎಂದು ಅವನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಟ್ರೆವರ್ ಮೇಲಂತೂ ಇರಲಿಕ್ಕಿಲ್ಲ. ಇದ್ದರೂ ಕಾಲು ಪಾಲು. ಹತ್ತು ನಿಮಿಷಕ್ಕೆ ರೇಸು ಶುರುವಾಯಿತು.

ಮೂರನೆಯ ಸುತ್ತಿನ ತಿರುವು. ಟ್ರೆವರ್ ಇಪ್ಪತ್ತು ಗಜ ಮುಂದೆ. ಅವನ ಬೈಕು ಒಮ್ಮೆ ತಡವರಿಸಿ ಮಲಗಿತು, ಅವನು ಉರುಳಿ ಮಣ್ಣಿನಲ್ಲಿ ಅಡ್ಡಬಿದ್ದ. ಬೇರೆಯವರಿಗೆ ಅದು ರೆಪ್ಪೆ ಬಡಿಯುವ ಹೊತ್ತು. ಈ ಆಟದವರು ಅಷ್ಟರಲ್ಲಿ ಒಂದು ಸಂಸಾರ ಮಾಡಿ ಮುಗಿಸಬಹುದು. ಗುರುದತ್ತನಿಗೆ ಎಲ್ಲ ಕಂಡಿತು. ಕೆಂಪು ದೀಪ ಹತ್ತಿದ್ದು ಕಂಡಿತು. ಟ್ರೆವರ್ ಮೊಣಕೈ ಊರಿ ಏಳಲು ನೋಡಿದ್ದು ಕಂಡಿತು. ಹೊಸದಾಗಿ ಬಿಗಿದ ಪಟ್ಟಿಯ ಬಕಲ್ಲು ಬಿಸಿಲಿಗೆ ಹೊಳೆದದ್ದು ಕಂಡಿತು. ಎಡಗೈ ತಾನಾಗಿಯೇ ಹಿಡಿಯನ್ನು ಕೆಡವಲು ಹೊರಟಿತ್ತು, ಅಭ್ಯಾಸದ ಕೈ. ಅವನು ಅದನ್ನು ತಡೆದ. ಬೈಕನ್ನು ನೆಟ್ಟಗೆ ಮಾಡಿ ಬಲಗೈ ತಿರುಗಿಸಿ ವೇಗ ಹೆಚ್ಚಿಸಿದ. ಒದ್ದೆ ಕಂಬಳಿಯನ್ನು ಕಲ್ಲಿಗೆ ಒಗೆದ ಹಾಗೆ ಸದ್ದಾಯಿತು. ಅದರೊಳಗೆ ಇನ್ನೊಂದು ಸಣ್ಣ ಸದ್ದು, ಬೆನ್ನುಮೂಳೆಯದು. ಆಮೇಲೆ ತಾನೂ ಗಾಳಿಯಲ್ಲಿ ಹಾರಿ ಬೇಲಿಗೆ ಬಡಿದು ಬಿದ್ದ. ಅವನಿಗೆ ಒಂದು ತರಚು ಗಾಯವೂ ಆಗಿರಲಿಲ್ಲ.

ಎದ್ದು ನೋಡಿದಾಗ ಬಿಳಿ ಅಂಗಿಯವರು ಬೇಲಿ ಹಾರಿ ಓಡುತ್ತಿದ್ದರು. ಐವತ್ತೆಂಟು ವರ್ಷದ ಅಪ್ಪ ಬೇಲಿ ಹಾರಿದ್ದನ್ನು ಅವನು ಅಂದೇ ಮೊದಲು ನೋಡಿದ್ದು, ಕೊನೆಯದೂ. ಅವರು ಟ್ರೆವರ್‌ನ ತಲೆಯನ್ನು ಎರಡು ಮಂಡಿಗಳ ನಡುವೆ ಇಟ್ಟು ಕೈಗಳಿಂದ ಹಿಡಿದು, ಹೆಲ್ಮೆಟ್ಟು ತೆಗೆಯಲು ಬಂದವರನ್ನು ಗದರಿ, ಸ್ಟ್ರೆಚರು ಬರುವವರೆಗೆ ಇಪ್ಪತ್ತು ನಿಮಿಷ ಅಲ್ಲಾಡದೆ ಕೂತರು. ಅಷ್ಟು ಹೊತ್ತೂ ಅವನ ಕಿವಿಯಲ್ಲಿ ಕನ್ನಡದಲ್ಲೇ ಏನೋ ಹೇಳುತ್ತಿದ್ದರು. ಗುರುದತ್ತನಿಗೆ ಹತ್ತಿರ ಹೋದಾಗ ಕೇಳಿಸಿತು: ಅಲ್ಲಾಡಬೇಡ ಕಣಪ್ಪ, ಎಲ್ಲಾ ಸರಿಹೋಗುತ್ತೆ, ಅಲ್ಲಾಡಬೇಡ. ತನಗೆ ಜ್ವರ ಬಂದಾಗ ಕೂಡ ಅಪ್ಪ ಹಾಗೆ ಮಾತಾಡಿದ್ದಿಲ್ಲ. ಆಂಬುಲೆನ್ಸು ಹೋದ ಮೇಲೆ ಮೊಣಕಾಲಿನ ಮಣ್ಣು ಕೊಡವದೆ ಮಗನ ಎದುರು ಬಂದು ನಿಂತರು.

"ನೀನು ಬೀಳಬಹುದಿತ್ತು."

ಅಷ್ಟೇ. ವಿಚಾರಣೆಯಲ್ಲಿ ಗುರುದತ್ತ ಜಾಗವಿರಲಿಲ್ಲ ಎಂದ, ಅವನ ಹೆಸರು ಗೊತ್ತಿದ್ದವರು ನಂಬಿದರು. ಶುದ್ಧ ಸವಾರ ಎಂಬ ಹೆಸರನ್ನು ಅಂದು ಒಂದೇ ಸಲ ಖರ್ಚು ಮಾಡಿಕೊಂಡ. ಅಪ್ಪನನ್ನು ಆ ಭಾನುವಾರದ ಸಂಜೆಯೇ ಟೂವಾಂಗಿನಲ್ಲಿ ಕೇಳಿಯೇಬಿಟ್ಟ, ಅವನ ಬೂಟನ್ನು ಯಾಕೆ ಮುಟ್ಟಿದಿರಿ ಎಂದು. ಅವರಿಗೆ ಯಾವ ಬೂಟು ಎಂದು ನೆನಪಾಗಲು ಹೊತ್ತು ಹಿಡಿಯಿತು. ಕೈಗೆ ಗ್ಲೌಸು ಹಾಕಿಕೊಂಡಿದ್ದ, ಬಕಲ್ಲು ಹಾಕಲು ಆಗುತ್ತಿರಲಿಲ್ಲ, ಕೇಳಿದ, ಹಾಕಿದೆ ಎಂದರು. ರೋಗಿಗಳ ಕಾಲು ಹಿಡಿದು ಹಿಡಿದು ಅವರಿಗೆ ಕಾಲು ಬರೀ ಕಾಲಾಗಿತ್ತು. ಆಮೇಲಿನ ಹದಿನೈದು ವರ್ಷ, ಸಾಯುವವರೆಗೆ, ಅವರು ಆ ಭಾನುವಾರದ ಸುದ್ದಿ ಎತ್ತಲಿಲ್ಲ. ಬೈದಿದ್ದರೆ, ಮತ್ತೆ ಏಳು ಏಟು ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು ಎಂದು ಗುರುದತ್ತ ಕಾದ. ಮುಂದಿನ ವರ್ಷ ಟ್ರೆವರ್‌ನ ಊರು ಅಡಿಲೇಡಿನಲ್ಲೇ ಅವನು ಗೆದ್ದ. ಅದರ ಮರುವರ್ಷವೂ ಗೆದ್ದ. ಜನ ಎದ್ದು ನಿಂತರು, ಒಬ್ಬಳು ಮುದುಕಿ ಕೈ ಹಿಡಿದು ನಿನ್ನನ್ನು ನೀನು ದೂರಿಕೊಳ್ಳಬೇಡ ಮಗು ಎಂದಳು. ಅವನು ಗೆದ್ದದ್ದು ಯಾಕೆಂದು ಸವಾರರಿಗೆ ಮಾತ್ರ ಗೊತ್ತಿತ್ತು. ಅವನು ಹಿಂದೆ ಬಂದರೆ ಅವರು ದಾರಿ ಬಿಡುತ್ತಿದ್ದರು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಬೇಲಿಯ ಕಡೆ ಸರಿದು ದಾರಿ ಬಿಟ್ಟರು, ಅಷ್ಟೆ. ಆ ಎರಡು ಕಪ್ಪುಗಳೇ ಈಗ ಟೀವಿಯ ಪಕ್ಕ ಹೊಳೆಯುತ್ತಿರುವುದು. ಬೆಳಿಗ್ಗೆ ಮಧುರಾ ಹುಣಸೇಹಣ್ಣು ಹಚ್ಚಿ ಉಜ್ಜಿದ್ದಾಳೆ.

ಹನ್ನೆರಡೂವರೆಗೆ ವ್ಯಾನು ಬಂತು. ಟ್ರೆವರ್‌ನ ಗಡ್ಡ ಬೆಳ್ಳಗಾಗಿತ್ತು. ಭುಜಗಳು ಹೋರಿಯ ಭುಜಗಳು. ಕೆಳಗೆ ಕಾಲು ಇರಬೇಕಾದಲ್ಲಿ ಪ್ಯಾಂಟು ಮಾತ್ರ ಇದ್ದ ಹಾಗಿತ್ತು. ಅಕ್ಕ ಲೋರೇನ್ ಎತ್ತರದ ಒಣಕಲು ಹೆಂಗಸು, ಎಪ್ಪತ್ತರ ಹತ್ತಿರ, ಮಣಿಕಟ್ಟಿಗೆ ಪಟ್ಟಿ ಸುತ್ತಿದ್ದಳು. ಮೂವತ್ತಮೂರು ವರ್ಷ ತಮ್ಮನನ್ನು ಎತ್ತಿ ಇಳಿಸಿದ ಮಣಿಕಟ್ಟು. ಅವಳು ತಳ್ಳಲು ಬಂದಾಗ ಟ್ರೆವರ್ ಬೇಡವೆಂದು ತಾನೇ ಕೈಯಿಂದ ಗಾಲಿ ತಿರುಗಿಸಿ ಒಳಗೆ ಬಂದ, ಗುರುದತ್ತನ ಕೈ ಕುಲುಕಿದ, ಬಿಡಲಿಲ್ಲ. ಗುರುದತ್ತ ಮನಸ್ಸಿನಲ್ಲೇ, ಈಗ ಹೇಳುತ್ತಾನೆ, ಈಗ, ಎಂದುಕೊಂಡ. ಅವನು ಹೇಳಿದ್ದು ಒಳ್ಳೆಯ ವಾಸನೆ ಬರುತ್ತಿದೆ ಎಂದು. ಊಟಕ್ಕೆ ಕೂತರು. ಬಿಸಿಬೇಳೆಬಾತಿನ ಖಾರಕ್ಕೆ ಟ್ರೆವರ್ ಕಣ್ಣಲ್ಲಿ ನೀರು ಹಾಕಿಕೊಂಡೇ ಎರಡು ಸಲ ಬಡಿಸಿಕೊಂಡ, ಮಧುರಾಳಿಗೆ ಖುಷಿಯಾಯಿತು. ಮೂರನೆಯ ಸಲ ಅವಳು ಮೊಸರನ್ನಕ್ಕೆ ಎದ್ದಾಗ ಅವನು ಚಮಚ ಕೆಳಗಿಟ್ಟ.

ಹೇಳಿದ್ದು ಗುರುದತ್ತ ನಾಲ್ಕು ದಿನ ಹೆದರಿದ್ದ ಮಾತಲ್ಲ. ಅಂದು ತಾನು ಜಾರಿ ಬೀಳಲಿಲ್ಲ, ಬೇಕೆಂದೇ ಬಿದ್ದೆ ಎಂದ. ಜೋಡಿಗಳ ಪಂದ್ಯ, ತನ್ನ ಜೊತೆಗಾರ ಹೊರಡುವಾಗಲೇ ಹಿಂದೆ ಬಿದ್ದಿದ್ದ. ಯಾರಾದರೂ ಬಿದ್ದರೆ ಕೆಂಪು ದೀಪ ಹಾಕಿ ರೇಸನ್ನು ಮೊದಲಿನಿಂದ ಓಡಿಸುತ್ತಾರೆ, ಬಿದ್ದವನು ಹೊರಗೆ, ಆದರೆ ಜೊತೆಗಾರನಿಗೆ ಇನ್ನೊಂದು ಅವಕಾಶ. ಹಳೆಯ ಕಳ್ಳಾಟ, ಎಲ್ಲರೂ ಮಾಡುತ್ತಿದ್ದರು. "ನಾನು ಹಿಂದೆ ತಿರುಗಿ ನೋಡಿಯೇ ಬಿದ್ದೆ, ಮೇಟ್," ಎಂದ ತನ್ನ ಇಂಗ್ಲಿಷಿನಲ್ಲಿ, ತಟ್ಟೆ ನೋಡುತ್ತ. "ಬೇರೆ ಯಾರೇ ಇದ್ದಿದ್ರೂ ಬೀಳ್ತಿರ್ಲಿಲ್ಲ. ನೀನಿದ್ದೆ. ನೀನು ಮಲಗಿಸ್ತೀಯ ಅಂತ ಗೊತ್ತಿತ್ತು. ಆದ್ರೆ ತೀರಾ ಹತ್ತಿರದಲ್ಲಿ ಬಿದ್ದು ನಿನಗೆ ಜಾಗಾನೇ ಬಿಡ್ಲಿಲ್ಲ. ಇಷ್ಟು ವರ್ಷ ನಿನ್ನ ತಲೆ ಮೇಲೆ ಅದನ್ನ ಹೊರಿಸಿಬಿಟ್ಟೆ. ಕ್ಷಮಿಸು." ಲೋರೇನ್ ತಲೆ ಎತ್ತಲಿಲ್ಲ. ಅವಳಿಗೆ ಗೊತ್ತಿದ್ದ ವಿಷಯ. ದಿನವೂ ಅವನನ್ನು ಎತ್ತುವಾಗ ಗೊತ್ತಿದ್ದ ವಿಷಯ. ಮಧುರಾ ಮೊಸರನ್ನದ ಪಾತ್ರೆ ಹಿಡಿದು ನಿಂತಲ್ಲೇ ಕಣ್ಣು ಒರೆಸಿಕೊಂಡಳು. "ಪರವಾಗಿಲ್ಲ ಅನ್ರೀ," ಎಂದಳು ಕನ್ನಡದಲ್ಲಿ. "ಒಂದು ಮಾತು ಅಂದ್ಬಿಡಿ, ಪಾಪ."

ಪರವಾಗಿಲ್ಲ ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ಎಷ್ಟು ಸುಲಭ. ಕ್ಷಮಿಸಿದೆ ಎಂದು ಈ ಮನುಷ್ಯನ ಹೆಗಲು ತಟ್ಟಿದರೆ ಅವನು ಹಗುರಾಗಿ ಹಡಗು ಹತ್ತುತ್ತಾನೆ, ಸತ್ತ ಅಪ್ಪನನ್ನು ಬಿಟ್ಟರೆ ಇನ್ನು ಯಾರಿಗೂ ಏನೂ ಗೊತ್ತಾಗುವುದಿಲ್ಲ. ಗುರುದತ್ತನಿಗೆ ತನ್ನ ಮೇಲೇ ಹೇಸಿಗೆಯಾಯಿತು. ನನ್ನನ್ನು ನಂಬಿ ಬಿದ್ದವನು ಇವನು.

"ಜಾಗ ಇತ್ತು," ಎಂದ.

ಟ್ರೆವರ್‌ಗೆ ಅರ್ಥವಾಗಲಿಲ್ಲ. ಗುರುದತ್ತ ಇನ್ನೊಮ್ಮೆ ಹೇಳಿದ. ಜಾಗವಿತ್ತು, ಹೊತ್ತೂ ಇತ್ತು, ಕೈ ಮಲಗಿಸಲು ಹೊರಟಿತ್ತು, ನಾನೇ ತಡೆದು ನಿನ್ನ ಮೇಲೆ ನೆಟ್ಟಗೆ ಬಂದೆ. ಯಾಕೆ ಎಂದು ಟ್ರೆವರ್ ಕೇಳಿದಾಗ ಬೂಟಿನ ಕಥೆ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ಅದು ಎಷ್ಟು ಚಿಕ್ಕದಾಗಿ ಹೋಯಿತೆಂದರೆ, ಇಂಗ್ಲಿಷಿನಲ್ಲಿ ಎರಡು ವಾಕ್ಯಕ್ಕೆ ಮುಗಿಯಿತು: ನನ್ನ ಅಪ್ಪ ನಿನ್ನ ಬೂಟು ಕಟ್ಟಿದರು, ನಾನು ನೋಡಿದೆ. ಮೆಟ್ಟು ಎಂದರೆ ನಮ್ಮಲ್ಲಿ ಏನೆಂದು ವಿವರಿಸಲು ಹೋಗಿ ನಿಲ್ಲಿಸಿದ. ಟ್ರೆವರ್ ಬಹಳ ಹೊತ್ತು ನೆನಪಿಸಿಕೊಳ್ಳಲು ನೋಡಿದ. ಬೂಟಿನದೇನೂ ನೆನಪಾಗಲಿಲ್ಲ. ಅವನಿಗೆ ನೆನಪಿದ್ದದ್ದು ತಲೆ ಹಿಡಿದುಕೊಂಡಿದ್ದ ಕೈಗಳು, ಅರ್ಥವಾಗದ ಭಾಷೆಯಲ್ಲಿ ಮಾತಾಡುತ್ತಿದ್ದ ಒಂದು ದನಿ. ಆಸ್ಪತ್ರೆಯಲ್ಲಿ ವಿಚಾರಿಸಿದರೆ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. "ಅವ್ರು ನಿನ್ನ ಅಪ್ಪನಾ?" ಎಂದ. ಗುರುದತ್ತ ತಲೆಯಾಡಿಸಿದ.

ಟ್ರೆವರ್‌ನ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. "ನನಗೆ ಆದದ್ದರಲ್ಲಿ ನಾನಾಗಿ ಮಾಡಿದ್ದು ಅದೊಂದೇ," ಎಂದ. "ಬಿದ್ದದ್ದು. ಬೆಳಗಾದ್ರೆ ಅದನ್ನೇ ಹೇಳ್ಕೊಂಡು ಏಳ್ತಿದ್ದೆ. ಯಾರೂ ನಿನಗೇನೂ ಮಾಡಿಲ್ಲ ಟ್ರೆವರ್, ನೀನೇ ಮಾಡ್ಕೊಂಡದ್ದು, ಅನುಭವಿಸು ಅಂತ. ಅದನ್ನೂ ಕಿತ್ಕೊಂಡ್ಯಲ್ಲೋ." ಕುರ್ಚಿಯನ್ನು ಮೇಜಿನಿಂದ ಈಚೆ ತಿರುಗಿಸಿ ಹತ್ತಿರ ಬಾ ಎಂದು ಕೈ ಮಾಡಿದ. ಗುರುದತ್ತ ಎದ್ದು ಹೋಗಿ ಗಾಲಿಕುರ್ಚಿಯ ಎದುರು ಮಂಡಿಯೂರಿದ. ಟ್ರೆವರ್ ಎಡಗೈಯಿಂದ ಅವನ ಅಂಗಿಯ ಕೊರಳುಪಟ್ಟಿ ಹಿಡಿದೆಳೆದ, ಗುಂಡಿಯೊಂದು ಕಿತ್ತು ತಟ್ಟೆಗೆ ಬಿತ್ತು. ಬಲಗೈ ಮುಷ್ಟಿಯಾಗಿ ಮೇಲೆದ್ದಿತು. ಮೂವತ್ತಮೂರು ವರ್ಷ ಗಾಲಿ ತಿರುಗಿಸಿದ ಕೈ. ಬಿದ್ದರೆ ದವಡೆ ಉಳಿಯುವ ಹಾಗಿರಲಿಲ್ಲ. ಲೋರೇನ್ ತಡೆಯಲಿಲ್ಲ. ಮಧುರಾಳೂ ತಡೆಯಲಿಲ್ಲ, ಅವಳು ಪಾತ್ರೆಯನ್ನು ಮೇಜಿನ ಮೇಲಿಟ್ಟು, ಇಪ್ಪತ್ತೊಂಬತ್ತು ವರ್ಷ ಜೊತೆಗಿದ್ದ ಗಂಡನನ್ನು ಹೊಸಬನನ್ನು ನೋಡಿದ ಹಾಗೆ ನೋಡುತ್ತಿದ್ದಳು. ಗುರುದತ್ತ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮುಖ ಮುಂದೆ ಚಾಚಿ ಕಣ್ಣು ಮುಚ್ಚಿದ. ಎದೆಯೊಳಗೆ ಸಂತೋಷವೆಂದೇ ಹೇಳಬೇಕಾದ ಏನೋ ಒಂದು ತುಂಬಿ ಬಂತು. ಬೀಳಲಿ, ಎಲ್ಲ ಮುರಿಯಲಿ, ಮುಗಿಯಲಿ.

ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಟ್ರೆವರ್‌ನ ಮುಷ್ಟಿ ಇನ್ನೂ ಮೇಲೆಯೇ ಇತ್ತು. ಅವನು ಗುರುದತ್ತನ ಮುಖವನ್ನು ಓದುತ್ತಿದ್ದ. ಓದಿ ಮುಗಿಸಿ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದ, ಕೊರಳುಪಟ್ಟಿಯನ್ನೂ ಬಿಟ್ಟ.

"ನಿನಗೆ ಇದು ಬೇಕಾಗಿದೆ," ಎಂದ. "ಕೊಡಲ್ಲ."

ಕುರ್ಚಿಯನ್ನು ಮೇಜಿನ ಕಡೆ ತಿರುಗಿಸಿಕೊಂಡ, ತಟ್ಟೆಯಲ್ಲಿದ್ದ ಗುಂಡಿಯನ್ನು ತೆಗೆದು ಪಕ್ಕಕ್ಕಿಟ್ಟ, ಸ್ವಲ್ಪ ಮೊಸರನ್ನ ಹಾಕುತ್ತೀರಾ ಎಂದು ಮಧುರಾಳನ್ನು ಕೇಳಿದ. ಅವಳು ಹಾಕಿದಳು. ಲೋರೇನ್‌ಗೂ ಹಾಕಿ, ತನಗೂ ಹಾಕಿಕೊಂಡು ಕೂತಳು. ಗುರುದತ್ತ ಮಂಡಿಯೂರಿದಲ್ಲೇ ಇದ್ದ. ಏಳು ಎಂದು ಯಾರೂ ಅವನಿಗೆ ಹೇಳಲಿಲ್ಲ. ಮೂವರೂ ಊಟ ಮಾಡಿದರು.